ಬುರುಲ್ ಅತ್ತಿಗೆ ನಂಬದೆ ಹೋದ ಮಾತು

ಕುರಿಯ ಕರುಳು ತೊಳೆಯುವ ಜಾಗಕ್ಕೆ ನಮ್ಮೂರಿನಲ್ಲಿ ಗಂಡಸರು ತಲೆ ಹಾಕುವುದಿಲ್ಲ. ಅತ್ತೆಯರೂ ಅಷ್ಟೇ, ಸೊಸೆಯರಾಗಿದ್ದ ಕಾಲದಲ್ಲಿ ಸಾಕಷ್ಟು ತೊಳೆದಿದ್ದೇವೆಂದು ಮೂಗು ಮುಚ್ಚಿಕೊಂಡು ಒಳಗೇ ಕೂತು ಚಹಾ ಕುಡಿಯುತ್ತಾರೆ. ಹಾಗಾಗಿ ಓಣಿಯ ಹಿಂದಿನ ಕಾಲುವೆಯ ಪಕ್ಕ, ಆ ನಾತದ ನಡುವೆ, ಹುಡುಗಿಯರು ಮನಸ್ಸು ಬಿಚ್ಚಿ ಮಾತಾಡಲು ಊರಿಗೆಲ್ಲ ಒಂದೇ ಒಂದು ಜಾಗ ಉಳಿದಿತ್ತು. ಅಲ್ಲಿ ತೋಳು ಮೇಲೇರಿಸಿ, ಮೊಣಕೈವರೆಗೆ ಒದ್ದೆಯಾಗಿ, ಯಾರ ಮುಖವನ್ನೂ ನೋಡದೆ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತ ಕೂತಿರುತ್ತಿದ್ದವಳು ಬುರುಲ್.

ತಾಯಿ ಮಗಳಿಗೆ ಮೈಯ ವಿಷಯ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೇಳಬೇಕಾದವಳು ಅಣ್ಣನ ಹೆಂಡತಿ. ಮೊದಲ ಸಲ ಮುಟ್ಟಾದ ಹುಡುಗಿ ಓಡುವುದು ಅತ್ತಿಗೆಯ ಹತ್ತಿರ, ಯಾವನೋ ಹಿಂದೆ ಬಿದ್ದರೆ ಹೇಳಿಕೊಳ್ಳುವುದು ಅತ್ತಿಗೆಯ ಹತ್ತಿರ. ಹುಡುಗಿ ಏನಾದರೂ ಎಡವಟ್ಟು ಮಾಡಿಕೊಂಡರೆ ಅವಳ ಅತ್ತಿಗೆ ಏನು ಮಾಡುತ್ತಿದ್ದಳು ಎಂದೇ ಊರು ಮೊದಲು ಕೇಳುತ್ತದೆ. ಬುರುಲ್‌ಗೆ ಅಣ್ಣನಿರಲಿಲ್ಲ, ಆದ್ದರಿಂದ ಅತ್ತಿಗೆಯೂ ಇರಲಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಶಾಲೆಯ ಬೆಂಚಿನ ಮೇಲೆ ರಕ್ತ ಕಂಡು, ಸತ್ತೇಹೋಗುತ್ತೇನೆಂದು ತಿಳಿದು ದನದ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದಳು. ಸಂಜೆ ಹುಡುಕಿಕೊಂಡು ಬಂದ ತಾಯಿ ಒಂದು ಮಾತೂ ಆಡದೆ ಹಳೇ ಬಟ್ಟೆಯ ತುಂಡೊಂದನ್ನು ಅವಳ ಮುಂದೆ ಹಾಕಿ ಹೋದಳು. ಮದುವೆಯಾಗಿ ಈ ಊರಿಗೆ ಬಂದ ಮೇಲೂ ಆ ಸಿಟ್ಟು ಬುರುಲ್‌ಗೆ ಇಳಿದಿರಲಿಲ್ಲ. ಅತ್ತಿಗೆ ಇಲ್ಲದ ಹುಡುಗಿಯರಿಗೆ, ಅತ್ತಿಗೆ ಇದ್ದೂ ಅವಳಿಗೆ ಬಾಯಿಲ್ಲದ ಹುಡುಗಿಯರಿಗೆ, ಅವಳೇ ಅತ್ತಿಗೆಯಾದಳು.

ಅವಳು ಹೇಳಿದ್ದೆಲ್ಲ ಸರಿ ಎಂದು ನಾನು ಸುಳ್ಳು ಹೇಳುವುದಿಲ್ಲ. ಮೊಡವೆಗೆ ಕುರಿಬಾಲದ ಕೊಬ್ಬು ಹಚ್ಚಲು ಹೇಳಿ ಇಬ್ಬರು ಹುಡುಗಿಯರ ಮುಖ ಕೆಡಿಸಿದ್ದಳು. ತಣ್ಣನೆಯ ಕಲ್ಲಿನ ಮೇಲೆ ಕೂತರೆ ಮಕ್ಕಳಾಗುವುದಿಲ್ಲ ಎಂದು ಇವತ್ತಿಗೂ ನಂಬುತ್ತಾಳೆ. ಆದರೆ ಹುಡುಗಿಯೊಬ್ಬಳು ತನ್ನ ಎದೆಯ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು ಎಂದು ಅಳುತ್ತ ಬಂದಾಗ, ಸುತ್ತ ಕಾಣುವ ಬೆಟ್ಟಗಳನ್ನು ತೋರಿಸಿ, ದೇವರು ಅವನ್ನೇ ಒಂದೇ ಎತ್ತರಕ್ಕೆ ಮಾಡಿಲ್ಲ, ನಿನ್ನವನ್ನು ಅಳತೆ ಪಟ್ಟಿ ಹಿಡಿದು ಮಾಡುತ್ತಾನೆಯೇ ಎಂದು ನಗಿಸಿ ಕಳಿಸಿದವಳೂ ಅವಳೇ. ನೋವು ತಡೆಯಲಾರದೆ ತಿಂಗಳು ತಿಂಗಳೂ ಶಾಲೆ ಬಿಡುತ್ತಿದ್ದ ಒಬ್ಬಳನ್ನು, ಅವಳ ಮನೆಯವರಿಗೆ ಉಣ್ಣೆ ಮಾರಲು ಹೋಗುತ್ತೇವೆಂದು ಹೇಳಿ, ಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು.

ಎದುರು ಮನೆಯ ನುರ್ಜಾತ್‌ಗೆ ಒಬ್ಬ ಫೋನಿನಲ್ಲಿ ಅಂಗಿ ತೆಗೆದ ಫೋಟೊ ಕಳಿಸು, ಇಲ್ಲದಿದ್ದರೆ ಮಾತು ಬಿಡುತ್ತೇನೆ ಎಂದಿದ್ದ. ಬುರುಲ್ ಕರುಳನ್ನು ಒಳಗು ಹೊರಗು ಮಾಡಿ ಹಿಂಡುತ್ತ ಕೇಳಿದಳು: "ಸಂತೇಲಿ ಕುರಿ ಕೊಳ್ಳೋನು ಬಾಯಿ ಬಿಡ್ಸಿ ಹಲ್ಲು ನೋಡ್ತಾನೆ, ಬಾಲ ಎತ್ತಿ ನೋಡ್ತಾನೆ. ನೀನೇನು ಸಂತೆಗೆ ಬಂದಿದೀಯೇನೆ?"

ನುರ್ಜಾತ್ ನಕ್ಕಳು, ಅತ್ತಳು, ಫೋಟೊ ಕಳಿಸಲಿಲ್ಲ. ಅದು ಅವಳ ತಾಯಿಗೆ ಈವರೆಗೂ ಗೊತ್ತಿಲ್ಲ. ಕಾಲುವೆಯ ಹತ್ತಿರ ಆಡಿದ ಮಾತು ಕಾಲುವೆ ದಾಟುವುದಿಲ್ಲ ಎಂಬ ಹೆಸರು ಬುರುಲ್‌ಗಿತ್ತು. ಆ ಹೆಸರಿನ ಮೇಲೆ ಅವಳಿಗೆ ಜಂಬವೂ ಇತ್ತು. ಸೊಸೆಯಾದವಳಿಗೆ ಮನೆಯಲ್ಲಿ ಇರುವುದು ಕೆಲಸ ಒಂದೇ. ಇದೊಂದು ಮಾತ್ರ ಅವಳು ತಾನೇ ಗಳಿಸಿಕೊಂಡ ಮರ್ಯಾದೆ.

ಅವಳ ಸ್ವಂತ ನಾದಿನಿ ಕನಿಶಾಯ್. ಗಂಡ ಕುಬಾತ್‌ನ ತಂಗಿ, ಅತ್ತೆ ಕಾಲಿಪಾಗೆ ತೀರ ತಡವಾಗಿ ಹುಟ್ಟಿದ ಕೂಸು. ಬುರುಲ್ ಈ ಮನೆಯ ಹೊಸ್ತಿಲು ತುಳಿದಾಗ ಮಗು ಇನ್ನೂ ತಪ್ಪು ಹೆಜ್ಜೆ ಇಡುತ್ತಿತ್ತು. ಅದಕ್ಕೆ ತಲೆ ಬಾಚಿದವಳು, ಹೇನು ಹೆಕ್ಕಿದವಳು, ಮೊದಲ ಸಲ ಮುಟ್ಟಾದಾಗ ತಬ್ಬಿಕೊಂಡು ಬೆಣ್ಣೆ ಸವರಿದ ಬಿಸಿ ರೊಟ್ಟಿ ತಿನ್ನಿಸಿದವಳು ಎಲ್ಲ ಬುರುಲ್ಲೇ. ಪುಟ್ಟಿ ಎಂದೇ ಕರೆಯುತ್ತಿದ್ದಳು. ಈಗ ಪುಟ್ಟಿಗೆ ಹದಿನಾರು.

ಆ ಚಳಿಗಾಲದ ಕೊನೆಯಲ್ಲಿ, ಉಳಿದ ಹುಡುಗಿಯರೆಲ್ಲ ಎದ್ದು ಹೋದ ಮೇಲೆ ಕನಿಶಾಯ್ ಕಾಲುವೆಯ ಹತ್ತಿರ ಒಬ್ಬಳೇ ಉಳಿದಳು. ಮುಟ್ಟು ನಿಂತು ಮೂರು ತಿಂಗಳಾಯಿತು ಎಂದಳು. ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ, ಎದೆ ಸುಮ್ಮಸುಮ್ಮನೆ ಡವಡವ ಅನ್ನುತ್ತದೆ ಎಂದಳು.

ಬುರುಲ್‌ಳ ಕೈ ನೀರಿನಲ್ಲೇ ನಿಂತುಬಿಟ್ಟಿತು. ಬೇರೆ ಯಾವ ಹುಡುಗಿ ಈ ಮಾತು ಹೇಳಿದ್ದರೂ ಅವಳು ಮೊದಲು ಕೇಳುತ್ತಿದ್ದದ್ದು, ಏನೇನಾಗುತ್ತಿದೆ ಹೇಳು ಎಂದು. ಈಗ ಅವಳ ಕಣ್ಣ ಮುಂದೆ ಬಂದದ್ದು ಹಿಂದಿನ ವಾರ ಕಂಡ ನೋಟ: ಪಾಪ್ಲರ್ ಮರಗಳ ದಾರಿಯಲ್ಲಿ ಕನಿಶಾಯ್ ಮೆಲ್ಲಮೆಲ್ಲಗೆ ನಡೆಯುತ್ತಿದ್ದಾಳೆ, ಪಕ್ಕದಲ್ಲಿ ವಿಧವೆ ಜಿಪಾರ್‌ಳ ಮಗ ಎಲ್ದಿಯಾರ್, ಅವನ ಹೆಗಲ ಮೇಲೆ ಇವಳ ಚೀಲ.

"ಯಾರು?" ಎಂದಳು ಬುರುಲ್.

"ಯಾರೂ ಇಲ್ಲ ಅತ್ತಿಗೆ."

"ನಾನು ಕಣ್ಣಾರೆ ನೋಡಿದೀನಿ ಪುಟ್ಟಿ."

"ನೀವು ಏನು ನೋಡಿದ್ರೋ ನಂಗೊತ್ತಿಲ್ಲ. ನನ್ನ ಯಾರೂ ಮುಟ್ಟಿಲ್ಲ. ನಿಮ್ಮ ಹತ್ರ ಸುಳ್ಳು ಹೇಳ್ತೀನಾ?"

ಹುಡುಗಿ ಕಣ್ಣಿಗೆ ಕಣ್ಣಿಟ್ಟು ಹೇಳಿದಳು. ಬುರುಲ್ ಕಣ್ಣು ತಗ್ಗಿಸಿದಳು. ಅವಳ ತಲೆಯಲ್ಲಿ ಆಗ ನಾದಿನಿ ಇರಲಿಲ್ಲ, ನಾಳೆ ಊರು ಆಡುವ ಮಾತಿತ್ತು. ಕಂಡವರ ಮಕ್ಕಳಿಗೆಲ್ಲ ಬುದ್ಧಿ ಹೇಳಿದಳು, ಮನೆಯ ಹುಡುಗಿಯ ಹೊಟ್ಟೆ ಮಾತ್ರ ಕಾಣಲಿಲ್ಲ ಎಂದು ಒಬ್ಬೊಬ್ಬರ ಮನೆಯಲ್ಲಿ ಸರದಿ ಊಟಕ್ಕೆ ಸೇರುವ ಹೆಂಗಸರು ನಗುವುದು ಅವಳಿಗೆ ಆಗಲೇ ಕೇಳಿಸುತ್ತಿತ್ತು. ಅಲ್ಲಿಂದ ಎದ್ದವಳೇ ಕೈ ಒರೆಸಿಕೊಂಡು ನೇರ ಅತ್ತೆಯ ಹತ್ತಿರ ಹೋದಳು. ಕಾಲುವೆಯ ಮಾತು ಮೊದಲ ಸಲ ಕಾಲುವೆ ದಾಟಿತು, ಅದೂ ತನ್ನ ಮನೆಯ ಹುಡುಗಿಯದೇ.

ಕಾಲಿಪಾ ಕಿರುಚಾಡುವ ಹೆಂಗಸಲ್ಲ. ಬಾಗಿಲು ಹಾಕಿಸಿದಳು, ಚಹಾ ತರಿಸಿದಳು, ಹೊಟ್ಟೆ ಕಾಣುವ ಮೊದಲು ಕಿವಿಗೆ ಓಲೆ ಬೀಳಬೇಕು ಎಂದಳು. ನಮ್ಮಲ್ಲಿ ಹುಡುಗನ ತಾಯಿ ಹುಡುಗಿಯ ಕಿವಿಗೆ ಓಲೆ ಇಟ್ಟಳೆಂದರೆ ಮದುವೆ ಗೊತ್ತಾದ ಹಾಗೆ. ಆಮೇಲೆ ಯಾರೂ ಕೆದಕುವುದಿಲ್ಲ. ಹುಡುಗನ ಮನೆಗೆ ಹೋಗಿ ಕೇಳುವ ಕೆಲಸವೂ ಅತ್ತಿಗೆಯದೇ. ಡಾಕ್ಟರಿಗೆ ತೋರಿಸುವ ಮಾತನ್ನು ಕನಿಶಾಯ್ ಒಮ್ಮೆ ಎತ್ತಿದಳು. ಪಟ್ಟಣದ ಆಸ್ಪತ್ರೆಯಲ್ಲಿ ಕಸ ಗುಡಿಸುವವಳು ನಮ್ಮೂರಿನವಳೇ, ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಬುರುಲ್ಲೇ ಅವಳ ಬಾಯಿ ಮುಚ್ಚಿಸಿದಳು.

ಜಿಪಾರ್ ಉಣ್ಣೆಯ ಚಪ್ಪಲಿ ಹೊಲಿದು ಬದುಕುವ ಹೆಂಗಸು. ಬುರುಲ್ ಬಂದಳೆಂದು ಎದ್ದು ನಿಂತಳು, ಗೌರವದ ಅತಿಥಿಗಳು ಕೂರುವ ಮೇಲಿನ ಸಾಲಿಗೆ ಕರೆದಳು. ಬುರುಲ್ ಬಾಗಿಲ ಹತ್ತಿರವೇ ಕೂತಳು, ಮುಂದಿಟ್ಟ ರೊಟ್ಟಿಯನ್ನು ಮುರಿಯಲಿಲ್ಲ. ಮನೆಗೆ ಬಂದು ರೊಟ್ಟಿ ಮುರಿಯದವರು ಜಗಳಕ್ಕೇ ಬಂದಿರುತ್ತಾರೆ. ಜಿಪಾರ್‌ಳ ಮುಖದ ಬಣ್ಣ ಆಗಲೇ ಇಳಿಯಿತು. ಬುರುಲ್ ಬಂದ ಕಾರಣ ಹೇಳಿದಳು. ಎಲ್ದಿಯಾರ್‌ನನ್ನು ಕರೆಸಿದರು. ಅವನು ಕಿವಿಯವರೆಗೂ ಕೆಂಪಾದ, ನೆಲ ನೋಡುತ್ತ ನಿಂತ, ಒಂದು ಮಾತೂ ಆಡಲಿಲ್ಲ. ಹಿರಿಯರ ಎದುರು ಮಾತು ಬೆಳೆಸಬಾರದೆಂದು ಬೆಳೆಸಿದ ಹುಡುಗ ಮತ್ತೇನು ಮಾಡಿಯಾನು? ಜೊತೆಗೆ ಅವನಿಗೆ ಅವಳ ಮೇಲೆ ಮನಸ್ಸಿತ್ತು, ಆ ಗುಟ್ಟು ಬಯಲಾದ ನಾಚಿಕೆ ಬೇರೆ. ಬುರುಲ್ ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡಳು. ಜಿಪಾರ್ ಕೂಡ ಹಾಗೇ ಅಂದುಕೊಂಡು, ಮಗನ ಎದುರಿಗೇ ಬುರುಲ್‌ಳ ಕೈ ಹಿಡಿದು ಕ್ಷಮೆ ಕೇಳಿದಳು.

ಆ ಕ್ಷಮೆಯನ್ನು ಬುರುಲ್ ತೆಗೆದುಕೊಂಡು ಬಂದಳು. ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಇದೇ.

ಶುಕ್ರವಾರ ಜಿಪಾರ್ ಓಲೆ, ಬಿಳಿ ತಲೆವಸ್ತ್ರ, ಒಂದು ಕುರಿ ತಂದಳು. ಕುರಿ ಎಲ್ಲಿಂದ ಹೊಂದಿಸಿದಳೋ ಯಾರೂ ಕೇಳಲಿಲ್ಲ. ಓಣಿಯ ಹೆಂಗಸರು ಸೇರಿದರು. ಇಷ್ಟು ಅವಸರದ ಓಲೆ ಏಕೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಕನಿಶಾಯ್ ಹೇಳಿದ ಜಾಗದಲ್ಲಿ ಕೂತಳು, ಕಿವಿ ಕೊಡು ಎಂದಾಗ ಕೊಟ್ಟಳು. ಅವಳಿಗೆ ಚಹಾದ ಬಟ್ಟಲು ಕೊಟ್ಟರೆ ಕೈ ನಡುಗಿ ಚಹಾ ಮಡಿಲಿಗೆ ಚೆಲ್ಲಿತು. ನಾಚಿಕೆ ಪಾಪ, ಎಂದು ಯಾರೋ ನಕ್ಕರು. ಮರುಗಳಿಗೆಯಲ್ಲಿ ಹುಡುಗಿ ಗೋಡೆಗೊರಗಿದವಳು ಹಾಗೇ ಪಕ್ಕಕ್ಕೆ ಕುಸಿದಳು.

ಕುಬಾತ್ ತನ್ನ ಟ್ಯಾಕ್ಸಿಯಲ್ಲಿ ಅವಳನ್ನು ಪಟ್ಟಣಕ್ಕೆ ಕರೆದುಕೊಂಡು ಹೋದ. ಹಿಂದಿನ ಸೀಟಿನಲ್ಲಿ ಅವಳ ತಲೆ ಬುರುಲ್‌ಳ ತೊಡೆಯ ಮೇಲಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು. ಮೊದಲು ಬಸಿರಿನ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದಳು. ಆಮೇಲೆ ಹುಡುಗಿಯ ಹಿಂದೆ ನಿಂತು ಕತ್ತಿನ ಮೇಲೆ ಬೆರಳಿಟ್ಟು ಎಂಜಲು ನುಂಗಲು ಹೇಳಿದಳು. ಒಂದೊಂದಾಗಿ ಕೇಳುತ್ತ ಹೋದಳು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆಯೇ? ಹೌದು, ಶಾಲೆಯಿಂದ ಬರುವಾಗ ಎಲ್ದಿಯಾರ್ ಚೀಲ ಹೊತ್ತುಕೊಳ್ಳುತ್ತಾನೆ. ಚಳಿಯಲ್ಲೂ ಸೆಕೆಯೇ? ಹೌದು, ರಜಾಯಿ ಒದ್ದು ಮಲಗುತ್ತೇನೆ. ಕೂದಲು ಉದುರುತ್ತಿದೆಯೇ, ಎಷ್ಟು ತಿಂದರೂ ಮೈ ಇಳಿಯುತ್ತಿದೆಯೇ? ಹೌದು, ಹೌದು.

ಕತ್ತಿನ ಗ್ರಂಥಿ ಕೆರಳಿದೆ ಎಂದಳು ಡಾಕ್ಟರು. ನಮ್ಮ ಗುಡ್ಡಗಾಡಿನಲ್ಲಿ ಕತ್ತಿನ ಗಂಟು ಹೊಸದಲ್ಲ, ಅರ್ಧಕ್ಕರ್ಧ ಮುದುಕಿಯರ ಕತ್ತಿನಲ್ಲಿ ಅದು ತೂಗುತ್ತಿರುತ್ತದೆ. ಆದರೆ ಗಂಟು ಕಾಣದೆಯೇ ಆ ಗ್ರಂಥಿ ಹುಡುಗಿಯೊಬ್ಬಳ ಮುಟ್ಟು ನಿಲ್ಲಿಸೀತು, ಎದೆ ಓಡಿಸೀತು ಎಂದು ಬುರುಲ್‌ಗೆ ತಿಳಿದಿರಲಿಲ್ಲ. ತಿಳಿಯದೆ ಇದ್ದದ್ದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ. ಆ ಉದುರಿದ ಕೂದಲನ್ನು ವಾರ ವಾರ ಬಚ್ಚಲಿನಿಂದ ಎತ್ತಿ ಹಾಕಿದವಳು ಅವಳೇ, ಒದ್ದ ರಜಾಯಿಯನ್ನು ಮತ್ತೆ ಹೊದಿಸಿದವಳೂ ಅವಳೇ. ಎಲ್ಲವನ್ನೂ ಕಂಡಿದ್ದಳು, ಒಂದನ್ನೂ ಕೇಳಿರಲಿಲ್ಲ. ಅದಕ್ಕೆ ನಾಚಿಕೆಯಾಯಿತು. ಡಾಕ್ಟರ ಮೇಜಿನ ಮುಂದೆ ಅವಳಿಗೆ ತಲೆ ಎತ್ತಲು ಆಗಲಿಲ್ಲ.

ಮಾತ್ರೆ ಬಹಳ ಕಾಲ ತೆಗೆದುಕೊಳ್ಳಬೇಕು, ಗುಣವಾಗುತ್ತದೆ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಕಾಲಿಪಾ ಅಂಗೈ ಚಾಚಿ ದೇವರನ್ನು ನೆನೆದು, ನಂತರ ಲೆಕ್ಕ ಹಾಕಿದಳು. ಓಲೆ ವಾಪಸು ಮಾಡಿದರೆ, ಕಾಯಿಲೆಯವಳೆಂದು ಹುಡುಗನ ಕಡೆಯವರೇ ಬಿಟ್ಟರು ಅನ್ನುತ್ತಾರೆ; ಮುಂದೆ ಯಾರೂ ಕೇಳುವುದಿಲ್ಲ. ಜಿಪಾರ್ ಒಳ್ಳೆಯವಳು, ಹುಡುಗ ಒಳ್ಳೆಯವನು, ಶರತ್ಕಾಲಕ್ಕೆ ಮದುವೆ ಮಾಡಿಬಿಡೋಣ. ಶಾಲೆ ಮುಗಿಯದಿದ್ದರೆ ಏನಂತೆ? ಕುಬಾತ್ ತಾಯಿಯ ಮಾತಿಗೆ ತಲೆಯಾಡಿಸಿದ. ಬುರುಲ್ ಬೇಡ ಎನ್ನಲಿಲ್ಲ. ಓಲೆ ಹಾಗೇ ಇದ್ದುಬಿಟ್ಟರೆ ಅವಳು ಮಾಡಿದ ತಪ್ಪೂ ಹಾಗೇ ಮುಚ್ಚಿಹೋಗುತ್ತಿತ್ತು. ನಾಲ್ಕು ಜನ ಅವಳನ್ನು ಒಳ್ಳೆ ಸಂಬಂಧ ಕುದುರಿಸಿದವಳು ಎಂದೂ ಅನ್ನುತ್ತಿದ್ದರು.

ಕನಿಶಾಯ್ ಅವಳ ಜೊತೆ ಮಾತು ಬಿಟ್ಟಿದ್ದಳು. ಮಾತ್ರೆ ಕೊಟ್ಟರೆ ನುಂಗುತ್ತಿದ್ದಳು, ನೀರು ಕೊಟ್ಟರೆ ಕುಡಿಯುತ್ತಿದ್ದಳು, ಅಷ್ಟೇ. ಒಂದು ಬೆಳಿಗ್ಗೆ ತಾನಾಗಿಯೇ ಬಾಯಿ ತೆರೆದಳು.

"ನಂಗೆ ಈಗ ಮದುವೆ ಬೇಡ. ಅಮ್ಮಂಗೆ ಹೇಳಿದ್ರೆ ಕೇಳಲ್ಲ. ಶುರು ಮಾಡಿದ್ದು ನೀವು, ನಿಲ್ಸೋದೂ ನೀವೇ." ಹೀಗೆಂದು ಓಲೆಗಳನ್ನು ಬಿಚ್ಚಿ ಬುರುಲ್‌ಳ ಅಂಗೈಯಲ್ಲಿಟ್ಟಳು.

ಓಲೆ ಬುರುಲ್‌ಳ ಜೇಬಿನಲ್ಲೇ ಉಳಿಯಿತು. ಇವತ್ತು ಹೋಗುತ್ತೇನೆ ಎಂದುಕೊಳ್ಳುತ್ತಿದ್ದಳು, ಅಷ್ಟರಲ್ಲಿ ಹಸು ಕರೆಯುವ ಹೊತ್ತಾಗುತ್ತಿತ್ತು, ಇಲ್ಲವೇ ಆಗುವಂತೆ ಅವಳೇ ಮಾಡಿಕೊಳ್ಳುತ್ತಿದ್ದಳು. ಒಂದು ದಿನ ನೆರೆಮನೆಯ ಸಾವಿನೂಟಕ್ಕೆ ಕುರಿ ಕಡಿದಿದ್ದರು. ಕರುಳಿನ ಬೋಗುಣಿ ಹೊತ್ತು ಬುರುಲ್ ಕಾಲುವೆಗೆ ಹೋದಳು. ಯಾವ ಹುಡುಗಿಯೂ ಬರಲಿಲ್ಲ. ನೀರಿಗೆಂದು ಕೊಡ ಹಿಡಿದು ಬಂದ ನುರ್ಜಾತ್ ಅವಳನ್ನು ಕಂಡು ನಿಂತಳು, ಸಲಾಂ ಹೇಳಿದಳು, ಮೇಲಿನ ಸೇತುವೆಯ ಹತ್ತಿರ ನೀರು ಚೆನ್ನಾಗಿದೆ ಎಂದು ಹೊರಟುಹೋದಳು. ಬುರುಲ್‌ಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಹುಡುಗಿಯ ಫೋಟೊದ ಗುಟ್ಟು ಇನ್ನೂ ತನ್ನ ಹೊಟ್ಟೆಯಲ್ಲಿದೆ, ಅದನ್ನು ನೆನೆದು ಅವಳು ರಾತ್ರಿ ನಿದ್ದೆಗೆಡುತ್ತಿರಬಹುದು ಎಂದು ಹೊಳೆಯಿತು. ನಾತದ ನಡುವೆ ಒಬ್ಬಳೇ ಕೂತು ಅಷ್ಟೂ ಕರುಳು ತೊಳೆದಳು.

ಆ ಭಾನುವಾರ ಹೆಂಗಸರ ಸರದಿ ಊಟ ತೊಕ್ತೊಕಾನ್‌ಳ ಮನೆಯಲ್ಲಿತ್ತು. ತೊಕ್ತೊಕಾನ್ ಅಂಗಡಿ ಇಟ್ಟವಳು, ಓಣಿಯ ಸುದ್ದಿಯೆಲ್ಲ ಅವಳ ತಕ್ಕಡಿಯ ಮೇಲೆಯೇ ತೂಗಬೇಕು. ಜಿಪಾರ್ ಕೂಡ ಬಂದಿದ್ದಳು. ಕಾಲಿಪಾ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದಳು. ಬುರುಲ್ ಅತ್ತೆಗೆ ಹೇಳದೆಯೇ ಓಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದಳು. ಮಾಂಸ ಮುಗಿದು ಚಹಾ ಬರುವ ಹೊತ್ತಿಗೆ ಎದ್ದು, ಗಂಟನ್ನು ಜಿಪಾರ್‌ಳ ಮುಂದೆ, ಊಟದ ಹಾಸಿನ ಮೇಲಿಟ್ಟಳು.

ಹುಡುಗಿ ಬಸಿರಾಗಿರಲಿಲ್ಲ ಎಂದಳು. ಅದು ಕತ್ತಿನ ಕಾಯಿಲೆ, ತಾನು ತಪ್ಪು ತಿಳಿದೆ, ಎಲ್ದಿಯಾರ್‌ದು ಏನೂ ತಪ್ಪಿಲ್ಲ, ಉಸಿರು ಕಟ್ಟಿದವಳ ಚೀಲ ಹೊತ್ತದ್ದಷ್ಟೇ ಅವನು ಮಾಡಿದ್ದು. ಓಲೆ ವಾಪಸು ತಂದಿದ್ದೇನೆ, ಬಿಡುತ್ತಿರುವುದು ನಾವು, ಜಿಪಾರ್ ಅಲ್ಲ, ಹುಡುಗಿ ಓದುತ್ತಾಳೆ.

ತೊಕ್ತೊಕಾನ್ ನಿಟ್ಟುಸಿರು ಬಿಟ್ಟು, ಬಸಿರಿನ ಹಾಗೇ ಇರುವ ಕಾಯಿಲೆ ಬಂದರೆ ಯಾರು ತಾನೆ ಮೋಸ ಹೋಗುವುದಿಲ್ಲ ಎಂದಳು. ಇನ್ನೊಬ್ಬಳು ತನ್ನ ಅಕ್ಕನ ಮಗಳಿಗೂ ಹೀಗೇ ಆಗಿತ್ತೆಂದು ಶುರು ಮಾಡಿದಳು. ಇಷ್ಟು ಜನರ ಎದುರು ನಿಂತು ಹೇಳುವುದಕ್ಕೂ ಎದೆ ಬೇಕು ಕಣಮ್ಮ, ಎಂದು ಮೂಲೆಯ ಮುದುಕಿ ಬೆನ್ನು ತಟ್ಟಿದಳು. ಜಿಪಾರ್ ಓಲೆಯ ಗಂಟನ್ನು ಮಡಿಲಿಗೆ ಹಾಕಿಕೊಂಡು, ಬುರುಲ್‌ಳ ಬಟ್ಟಲಿಗೆ ಚಹಾ ಬಗ್ಗಿಸಿದಳು. ಬುರುಲ್ ರೊಟ್ಟಿ ಮುರಿದು ತಿಂದಳು. ಮಾಡಿದ ತಪ್ಪಿಗೆ ಬೈಸಿಕೊಳ್ಳಲು ಹೋದವಳು ಹೊಗಳಿಸಿಕೊಂಡು ಮನೆಗೆ ಬಂದಳು.

ಕನಿಶಾಯ್ ಅಂಗಳದಲ್ಲಿ ಬಿಸಿಲಿಗೆ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಓಲೆ ಕೊಟ್ಟು ಬಂದೆ ಎಂದು ಬುರುಲ್ ಹೇಳಿದಳು. ಯಾರ ಯಾರ ಎದುರು, ಏನೇನು ಹೇಳಿದೆ, ಅವರು ಏನೆಂದರು ಎಂಬುದನ್ನೂ ಹೇಳಿದಳು. ಮುದುಕಿ ಬೆನ್ನು ತಟ್ಟಿದ್ದನ್ನೂ ಬಿಡಲಿಲ್ಲ.

ಹುಡುಗಿ ಜರಡಿ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

"ನಾನು ನಿಮಗೆ ಮೊದ್ಲೇ ಹೇಳಿದ್ದೆ ಅಂತ ಅವರಿಗೆ ಹೇಳಿದ್ರಾ?" ಎಂದಳು.

ಬುರುಲ್ ಜರಡಿಯಿಂದ ಚೆಲ್ಲಿದ ಹಿಟ್ಟನ್ನು ಅಂಗೈಯಿಂದ ಒಟ್ಟುಮಾಡತೊಡಗಿದಳು.

"ಯಾರೂ ಮುಟ್ಟಿಲ್ಲ ಅಂತ ನಿಮ್ಮ ಮುಖ ನೋಡಿ ಹೇಳಿದ್ದೆ. ಡಾಕ್ಟ್ರ ಹತ್ರ ಹೋಗೋಣ ಅಂದಿದ್ದೆ. ಅದನ್ನ ಹೇಳಿದ್ರಾ ಅತ್ತಿಗೆ?"

ಹೇಳಿರಲಿಲ್ಲ. ಕಾಯಿಲೆ ಮೋಸ ಮಾಡಿತು ಎಂದು ಅವರು ಅಂದಾಗ ಒಪ್ಪಿಕೊಂಡು ಬಂದಿದ್ದಳು. ಕಾಯಿಲೆ ಯಾರನ್ನೂ ಮೋಸ ಮಾಡಿರಲಿಲ್ಲ. ಹುಡುಗಿ ಅದನ್ನು ಬಾಯಿ ಬಿಟ್ಟು ಹೇಳಿಕೊಂಡಿದ್ದಳು. ಮುದುಕಿ ತಟ್ಟಿದ ಬೆನ್ನು ಬುರುಲ್‌ಗೆ ಉರಿಯತೊಡಗಿತು. ನಾಳೆ ಹೇಳುತ್ತೇನೆ ಎನ್ನಬೇಕೆಂದಿದ್ದವಳು ಹುಡುಗಿಯ ಮುಖ ನೋಡಿದಳು. ತಲೆವಸ್ತ್ರವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡು ಬಂದ ದಾರಿಯಲ್ಲೇ ತಿರುಗಿ ಹೊರಟಳು.

ತೊಕ್ತೊಕಾನ್‌ಳ ಮನೆಯಲ್ಲಿ ಚಹಾ ಇನ್ನೂ ಮುಗಿದಿರಲಿಲ್ಲ. ಏನಾದರೂ ಮರೆತು ಹೋದೆಯಾ ಎಂದು ಯಾರೋ ಕೇಳಿದರು. ಜಿಪಾರ್ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು. ಬುರುಲ್ ಕೂರಲಿಲ್ಲ.

"ಹುಡುಗಿ ನಿಜ ಹೇಳಿದ್ಲು," ಎಂದಳು. "ಮೊದಲ್ನೇ ದಿನಾನೇ ಹೇಳಿದ್ಲು. ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಅಂತಾನೂ ಕೇಳಿದ್ಲು. ನೀವೆಲ್ಲ ನನ್ನ ಏನಂತೀರೋ ಅನ್ನೋ ಭಯಕ್ಕೆ ನಾನೇ ಅವಳನ್ನ ನಂಬ್ಲಿಲ್ಲ."

ಈ ಸಲ ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ.